ಪಂಪಿನ ಸದ್ದು ಬಿಟ್ಟು

ನನ್ನ ಗಂಡ ಅಡುಗೆಮನೆಯ ನೆಲ ಅಗೆದ ದಿನ ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿದ್ದಿದ್ದರೆ ಹಾರೆ ಕಿತ್ತುಕೊಂಡು ಮಂಚದ ಕೆಳಗೆ ಬಚ್ಚಿಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಬಂದು ನೋಡಿದರೆ ಸಿಂಕಿನ ಮುಂದೆ ಮೊಣಕಾಲುದ್ದದ ಗುಂಡಿ, ಪಕ್ಕದಲ್ಲಿ ಒಡೆದ ಟೈಲ್ಸಿನ ರಾಶಿ, ರಾಶಿಯ ಪಕ್ಕದಲ್ಲಿ ತಲೆಗೂದಲಿಗೆಲ್ಲ ಮಣ್ಣು ಮೆತ್ತಿಕೊಂಡ ಇವರು. ಗುಂಡಿಯ ತಳದಲ್ಲಿ ನೀರಿನ ಪೈಪು ಒಣಗಿಕೊಂಡು ಮಲಗಿತ್ತು. ಒಂದು ಹನಿ ತೇವವಿಲ್ಲ.

"ಇಲ್ಲೇ ಸೋರ್ತಾ ಇದೆ ಕಣೇ. ನನ್ನ ಬಲಗಿವಿಗೆ ಸ್ಪಷ್ಟವಾಗಿ ಕೇಳಿಸ್ತಿದೆ."

"ಸೋರ್ತಿರೋದು ನಿಮ್ಮ ಬುದ್ಧಿ," ಎಂದೆ.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಲಿಯೂ ಸಿಗಲಿಲ್ಲ. ಆ ದಿನ ಗುಂಡಿ ದಾಟಿ ದಾಟಿ ಅನ್ನ ಬಡಿಸಿದೆ.

ಇವರ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವರಿಗೆ ಹುಚ್ಚು ಎಂದುಕೊಳ್ಳುತ್ತೀರಿ. ಹುಚ್ಚು ಇಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ಅದಕ್ಕೆ ಸಂಬಳ ಬರುತ್ತದೆ. ನೀರು ಸರಬರಾಜು ಇಲಾಖೆಯಲ್ಲಿ ಇವರು ಸೋರಿಕೆ ಕೇಳುವವರು. ಇಂಥದ್ದೊಂದು ನೌಕರಿ ಇದೆಯೆಂದು ಮದುವೆಗೆ ಮೊದಲು ನಮ್ಮಪ್ಪ ನಂಬಲೇ ಇಲ್ಲ, ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದರು. ಬೆಳಿಗ್ಗೆ ವಾಹನಗಳ ಗದ್ದಲ ಶುರುವಾಗುವ ಮೊದಲು ರಸ್ತೆಗೆ ಹೋಗಬೇಕು. ಉದ್ದನೆಯ ಕಬ್ಬಿಣದ ಕೋಲಿನ ಒಂದು ತುದಿಯನ್ನು ವಾಲ್ವಿನ ಮೇಲೆ ಊರಿ ಇನ್ನೊಂದು ತುದಿಗೆ ಕಿವಿ ಹಚ್ಚಿ ನಿಲ್ಲಬೇಕು. ನೆಲದಡಿ ಪೈಪು ಒಡೆದಿದ್ದರೆ ಸಣ್ಣಗೆ 'ಶ್' ಎಂಬ ಸದ್ದು ಬರುತ್ತದಂತೆ. ಸದ್ದು ಸಿಕ್ಕ ಜಾಗದಲ್ಲಿ ನೀಲಿ ಬಣ್ಣದಿಂದ ಎರಡು ಅಡ್ಡಗೆರೆ ಹಾಕಿ ಇವರು ಮುಂದಿನ ರಸ್ತೆಗೆ ಹೋಗಿಬಿಡುತ್ತಾರೆ. ಅಗೆಯುವವರು ಬೇರೆ, ಪೈಪು ಜೋಡಿಸುವವರು ಬೇರೆ. ಇಪ್ಪತ್ತಾರು ವರ್ಷದಲ್ಲಿ ಇವರ ಗುರುತು ಒಂದು ಮೊಳ ಆಚೀಚೆ ಆಗಿದ್ದಿಲ್ಲ. ಇಲಾಖೆಯಲ್ಲಿ ಎಲ್ಲರಿಗೂ ಇವರು ಕಿವಿಯಣ್ಣ.

ಅಂಥ ಕಿವಿಯಣ್ಣನಿಗೆ ಸೋರಿಕೆಯ ಸದ್ದು ಅಡುಗೆಮನೆಯಲ್ಲಿ ಕೇಳಿಸಿತು. ಆಮೇಲೆ ಹಜಾರದಲ್ಲಿ ಕೇಳಿಸಿತು. ಆಮೇಲೆ ನನ್ನ ಅಂಗಡಿಯಲ್ಲಿ ಕೇಳಿಸಿತು. ನನ್ನದು ಬಟ್ಟೆ ಆಲ್ಟರೇಷನ್ ಅಂಗಡಿ. ಊರಿನವರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಊದಿದ ಸೊಂಟಗಳಿಗೆ ಹೊಲಿಗೆ ಬಿಚ್ಚಿಕೊಡುವುದು ನನ್ನ ಬದುಕು. ಆ ಅಂಗಡಿ ಮೂರನೇ ಮಹಡಿಯಲ್ಲಿದೆ, ಅಲ್ಲಿಗೆ ನಲ್ಲಿಯೇ ಇಲ್ಲ. ನಲ್ಲಿ ಇಲ್ಲದ ಕಡೆ ಪೈಪು ಸೋರುವುದನ್ನು ಕೇಳಿದ ಮೇಲೆ ಸದ್ದು ತಮ್ಮ ತಲೆಯೊಳಗೇ ಇದೆಯೆಂದು ಇವರಿಗೆ ಹೊಳೆಯಿತು. ಅಷ್ಟು ಹೊಳೆಯಲು ನಮ್ಮ ನಲವತ್ತು ಟೈಲ್ಸು ಹೋದವು.

ಆ ವಾರವೇ ಒಂದು ಸಂಜೆ ಇವರು, "ಇವಳೇ, ಒಂದ್ಸಲ ಇಲ್ಲಿ ಕಿವಿ ಇಟ್ಟು ನೋಡೇ, ನಿಂಗೂ ಕೇಳ್ಸುತ್ತಾ ಅಂತ," ಎಂದು ತಲೆ ಬಗ್ಗಿಸಿದರು. ನಾನು, "ಖಾಲಿ ಡಬ್ಬದಲ್ಲಿ ಗಾಳಿ ಆಡೋ ಸದ್ದು ನಾನ್ಯಾಕೆ ಕೇಳ್ಲಿ?" ಎಂದು ನಕ್ಕುಬಿಟ್ಟೆ. ಇವರೂ ನಕ್ಕರು. ಮತ್ತೆ ಕೇಳಲಿಲ್ಲ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಇವತ್ತು ಹೇಳುತ್ತಿದ್ದೇನೆ.

ಕಿವಿ ಡಾಕ್ಟರ ಬಳಿ ಹೋದೆವು. ಅವರು ಹಣೆಗೆ ದೀಪ ಕಟ್ಟಿಕೊಂಡು ಎರಡೂ ಕಿವಿಯೊಳಗೆ ಇಣುಕಿದರು, ಒಂದಿಷ್ಟು ಗುಗ್ಗೆ ತೆಗೆದರು, ಆಮೇಲೆ ಇವರನ್ನು ಬೀರುವಿನಷ್ಟು ಅಗಲದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನು ಹಾಕಿ ಪರೀಕ್ಷೆ ಮಾಡಿಸಿದರು. ಇಪ್ಪತ್ತರ ಹುಡುಗನಿಗೂ ಇಂಥ ಕಿವಿ ಇರುವುದಿಲ್ಲ ಎಂದು ಫಲಿತಾಂಶ ಬಂತು.

"ಸದ್ದು ಹೇಗಿದೆ, ಹೇಳಿ," ಎಂದರು ಡಾಕ್ಟರು.

ಇವರು ಬೆನ್ನು ನೆಟ್ಟಗೆ ಮಾಡಿ ಕೂತರು. ಸದ್ದಿನ ವರದಿ ಕೊಡುವುದೆಂದರೆ ಇವರಿಗೆ ಪ್ರಾಣ. "ಬಲಗಡೆ, ಸಾರ್. ಮುಕ್ಕಾಲು ಇಂಚಿನ ಲೈನು. ಸಣ್ಣ ತೂತು, ಒತ್ತಡ ಜಾಸ್ತಿ. ಎಡೆಬಿಡದೆ ಬರುತ್ತೆ. ಮಣ್ಣಿನ ಕೆಳಗಲ್ಲ, ಗಟ್ಟಿ ಕಾಂಕ್ರೀಟಿನ ಕೆಳಗೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಚೀಟಿಯ ಮೇಲೆ 'ಬಲಗಿವಿಯಲ್ಲಿ ಎಡೆಬಿಡದ ಶಬ್ದ' ಎಂದಷ್ಟೇ ಬರೆದು ಸ್ಕ್ಯಾನಿಂಗಿಗೆ ಕಳಿಸಿದರು.

ಎಂ.ಆರ್.ಐ. ಯಂತ್ರದೊಳಗೆ ಇವರನ್ನು ಅರ್ಧ ಗಂಟೆ ಮಲಗಿಸಿದ್ದರು. ಹೊರಗೆ ಬೆಂಚಿನ ಮೇಲೆ ಕೂತವಳಿಗೆ ಗೋಡೆಯಾಚೆ ಯಾರೋ ತಗಡು ಬಡಿಯುತ್ತಿದ್ದಂತೆ ಕೇಳಿಸುತ್ತಿತ್ತು. ಬೇರೆ ರೋಗಿಗಳು ಅಲ್ಲಿಂದ ಬೆವರಿಕೊಂಡು ಬಂದರೆ ಇವರು ಹುಬ್ಬು ಗಂಟಿಕ್ಕಿಕೊಂಡು ಬಂದು, "ನಿಮ್ಮ ಮಷೀನಿನ ಪಂಪಿನ ಬೇರಿಂಗು ಸವೆದಿದೆ, ನೋಡ್ಕೊಳಿ," ಎಂದು ಆಪರೇಟರಿಗೆ ಬುದ್ಧಿ ಹೇಳಿದರು. ಎರಡು ದಿನ ಬಿಟ್ಟು ವರದಿ ಬಂತು. ಕಿವಿಯ ನರ ನಾರ್ಮಲ್, ಒಳಗಿವಿ ನಾರ್ಮಲ್. ತಿಂಗಳು ಬಿಟ್ಟು ಕಿವಿಯ ಮೂಳೆಯ ಸಿ.ಟಿ. ಮಾಡಿಸಿದರು. ಅದೂ ನಾರ್ಮಲ್. ಪಕ್ಕದ ಮನೆಯವರು, ಇಲಾಖೆಯವರು ಎಲ್ಲರೂ ಕೈ ಕುಲುಕಿದರು. ನಾನೂ ಪಾಯಸ ಒಂದು ಬಿಟ್ಟು ಎಲ್ಲ ಮಾಡಿದೆ. ಇವರೊಬ್ಬರು ಮಾತ್ರ ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ವರದಿ ಹಿಡಿದುಕೊಂಡು ಕೂತರು.

"ನಾರ್ಮಲ್ ಅಂದ್ರೆ ಸಿಗಲಿಲ್ಲ ಅಂತ. ಇಲ್ಲ ಅಂತಲ್ಲ," ಎಂದರು.

ಕೊನೆಗೆ ಕಿವಿ ಡಾಕ್ಟರು ಒಂದು ನಿದ್ದೆ ಮಾತ್ರೆ ಬರೆದು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಸದ್ದಿನ ಜೊತೆ ಸ್ನೇಹ ಮಾಡಿಕೊಳ್ಳಿ ಎಂದುಬಿಟ್ಟರು. ಇವರಿಗೆ ಮನುಷ್ಯರ ಜೊತೆಯೇ ಸ್ನೇಹ ಮಾಡಿಕೊಳ್ಳಲು ಬರುವುದಿಲ್ಲ.

ಅಷ್ಟರಲ್ಲಿ ಇಲಾಖೆಯಲ್ಲಿ ಮಾನ ಹೋಗುವ ಕಾಲ ಬಂತು. ಇವರು ಹಾಕಿದ ನೀಲಿ ಗುರುತು ಮೂರು ಸಲ ತಪ್ಪಿತು. ಮೂರನೆಯದಂತೂ ಮುಖ್ಯರಸ್ತೆಯ ಬೇಕರಿಯ ಬಾಗಿಲಲ್ಲೇ. ಆಳುದ್ದ ಅಗೆದರು, ನೀರಿಲ್ಲ. ಬೇಕರಿಯವನು ಎರಡು ದಿನ ಹಲಗೆ ಹಾಕಿಕೊಂಡು ಬ್ರೆಡ್ಡು ಮಾರಿದ. ಮೇಲಧಿಕಾರಿ ಇವರನ್ನು ಕರೆದು, ಮುಂದಿನ ತಿಂಗಳಿಂದ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕೂತ್ಕೊಳ್ಳಿ, ಕೋಲು ವಾಪಸ್ ಕೊಡಿ ಎಂದರು. ಅವತ್ತು ಮನೆಗೆ ಬಂದು ಇವರು ಬೂಟು ಕೂಡ ಬಿಚ್ಚದೆ ಕೂತಿದ್ದರು. ನನಗೆ ಮೊದಲ ಸಲ ಹೆದರಿಕೆಯಾಯಿತು. ಈ ಮನುಷ್ಯನಿಂದ ಕಿವಿಯನ್ನು ಕಳೆದರೆ ಉಳಿಯುವುದು ಒಂದು ಜೊತೆ ಬೂಟು, ಅಷ್ಟೇ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ನೋಡಿದರೆ ಅಂಗಿಯ ಕಾಲರು ಬಲಗಡೆ ಕತ್ತಿನ ಹಿಂದೆ ಹೊಲಿಗೆ ಬಿಟ್ಟಿತ್ತು. ದರ್ಜಿಯ ಗಂಡ ಹರಿದ ಅಂಗಿ ಹಾಕಿಕೊಂಡು ತಿರುಗಿದರೆ ಮರ್ಯಾದೆ ಹೋಗುವುದು ನನ್ನದು. ಬಿಚ್ಚಿ ಕೊಡಿ ಎಂದರೆ ಹೊತ್ತಾಯಿತು ಎಂದರು. ನಿಂತಲ್ಲೇ ಹಿಡಿದು ನಾಲ್ಕು ಹೊಲಿಗೆ ಹಾಕಿದೆ. ದಾರ ಕಚ್ಚಿ ತುಂಡು ಮಾಡಲು ಬಗ್ಗಿದಾಗ ನನ್ನ ಕಿವಿ ಇವರ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಿತು.

ದಾರ ಹಲ್ಲಿನಲ್ಲೇ ಉಳಿಯಿತು. ಒಳಗೆ ಯಾರೋ ಉಸಿರಾಡುತ್ತಿದ್ದರು. ಶ್ಶು... ಶ್ಶು... ಶ್ಶು. ಇವರ ಉಸಿರಲ್ಲ, ಇವರು ಉಸಿರು ಹಿಡಿದುಕೊಂಡು ನಿಂತಿದ್ದರು. ನಾನು ಇವರ ಮಣಿಕಟ್ಟು ಹಿಡಿದೆ. ನಾಡಿ ಒಂದು ಸಲ ಬಡಿದರೆ ಇಲ್ಲೊಂದು ಶ್ಶು.

"ರೀ, ಇದು ನಿಜವಾಗ್ಲೂ ಇದೆ! ಮಿಡೀತಾ ಇದೆ! ನಿಮ್ಮ ನಾಡಿ ಜೊತೆಗೇ ಬರ್ತಿದೆ!"

"ಅದು ಪಂಪು," ಎಂದರು ಶಾಂತವಾಗಿ. "ಅದನ್ನ ಬಿಡು. ಅದರ ಹಿಂದೆ ಸಣ್ಣಗೆ ಎಡೆಬಿಡದೆ ಬರುತ್ತಲ್ಲ, ಅದು ಸೋರಿಕೆ. ಅದನ್ನ ಕೇಳು."

"ಈ ಮಿಡಿಯೋ ವಿಷಯ ಡಾಕ್ಟರಿಗೆ ಹೇಳಿದೀರಾ?"

"ಯಾಕೆ ಹೇಳ್ಬೇಕು? ಕೆಲಸಕ್ಕೆ ಸೇರಿದ ಮೊದಲ ದಿನಾನೇ ಕಲಿಸ್ತಾರೆ. ಪಂಪಿನ ಬಡಿತ ಎಲ್ಲ ಲೈನಲ್ಲೂ ಇರುತ್ತೆ. ಅದನ್ನ ಕಿವಿಯಿಂದ ಕಳೆದು ಉಳಿದ ಸದ್ದನ್ನ ಮಾತ್ರ ವರದಿ ಮಾಡ್ಬೇಕು. ಪಂಪಿನ ಸದ್ದು ಬರೆದು ಕಳಿಸಿದ್ರೆ ಇಡೀ ಇಲಾಖೆ ನಗುತ್ತೆ."

ಒಂಬತ್ತು ತಿಂಗಳು! ಒಂಬತ್ತು ತಿಂಗಳಿಂದ ಈ ಮಹಾನುಭಾವರು ತಮ್ಮ ಹೃದಯದ ಬಡಿತವನ್ನು ಶಿಸ್ತಾಗಿ ಕಳೆದು, ಉಳಿದದ್ದನ್ನು ಡಾಕ್ಟರಿಗೆ ಒಪ್ಪಿಸುತ್ತಿದ್ದರು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಅವತ್ತು ಅಂಗಡಿ ತೆರೆಯಲಿಲ್ಲ. ವರದಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ಇವರ ತೋಳು ಹಿಡಿದುಕೊಂಡು, ಕಿವಿ ಡಾಕ್ಟರನ್ನು ಬಿಟ್ಟು ನೇರ ಸ್ಕ್ಯಾನಿಂಗ್ ಸೆಂಟರಿಗೇ ನುಗ್ಗಿದೆ.

"ಇದರ ಮೇಲೆಲ್ಲ ನಾರ್ಮಲ್ ಅಂತ ಬರ್ದೋರು ಯಾರು? ಅವರನ್ನ ನಾನು ನೋಡ್ಬೇಕು."

ಹಾಗೆ ಕೇಳಿಕೊಂಡು ಅಲ್ಲಿಗೆ ಯಾರೂ ಬರುವುದಿಲ್ಲವಂತೆ. ಕೌಂಟರಿನವಳು ಗಾಬರಿಯಾಗಿ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಒಬ್ಬ ಡಾಕ್ಟರಮ್ಮ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದರು. ದಿನವಿಡೀ ದೀಪ ಆರಿಸಿದ ಕೋಣೆಯಲ್ಲಿ ಕೂತು ಜನರ ಒಳಗಿನ ಚಿತ್ರ ಓದುವ ಕೆಲಸ ಅವರದು. ರೋಗಿಗಳನ್ನು ಅಖಂಡವಾಗಿ ನೋಡಿ ಅಭ್ಯಾಸವಿಲ್ಲವೇನೋ, ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು. ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತಿತ್ತು.

ನಾನು ಪಂಪಿನ ಕಥೆ ಹೇಳಿದೆ. ಅವರು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು.

"ಮಿಡಿಯುತ್ತಾ? ನಾಡಿ ಜೊತೆಗೆ? ಮತ್ತೆ ಚೀಟೀಲಿ ಎಡೆಬಿಡದ ಶಬ್ದ ಅಂತ ಇದೆಯಲ್ರೀ!"

"ಪಂಪಿನ ಸದ್ದು ಬಿಟ್ಟು ಹೇಳಿದ್ದು, ಮೇಡಂ," ಎಂದರು ಇವರು ವಿನಯದಿಂದ.

ಡಾಕ್ಟರಮ್ಮ ಗೋಡೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಬೇರೆಯೇ ಮನುಷ್ಯರಾದರು. ಬರೀ ಗುಂಯ್‌ಗುಡುವ ಕಿವಿಯಾದರೆ ನರ ನೋಡುತ್ತೇವೆ, ಮಿಡಿಯುವ ಕಿವಿಯಾದರೆ ರಕ್ತನಾಳ ನೋಡಬೇಕು, ಎರಡಕ್ಕೂ ಯಂತ್ರ ಒಂದೇ ಆದರೂ ತೆಗೆಯುವ ಚಿತ್ರ ಬೇರೆ ಎಂದರು. ನೀವು ನಮ್ಮನ್ನ ತಪ್ಪು ಬೀದಿಗೆ ಕಳಿಸಿ ಅಲ್ಲಿ ಏನೂ ಸಿಗಲಿಲ್ಲ ಅಂತ ಬೈತಿದ್ದೀರಿ ಎಂದು ಇವರಿಗೆ ಅಂದರು. ಇವರ ಕಿವಿ ಕೆಂಪಾಯಿತು.

ಡಾಕ್ಟರಮ್ಮನ ಬಳಿ ಸ್ಟೆತಾಸ್ಕೋಪೇ ಇರಲಿಲ್ಲ. ಯಾರಿಂದಲೋ ಎರವಲು ತರಿಸಿ ಇವರ ಕಿವಿಯ ಹಿಂದೆ ಇಟ್ಟು ಕೇಳಿದರು. ಮುಖದಲ್ಲಿ ಉಳಿದಿದ್ದ ನಗುವೂ ಹೋಯಿತು. ಆಮೇಲೆ ಕಿವಿಯ ಹಿಂದೆ, ತಲೆಬುರುಡೆಯ ಅಂಚಿನಲ್ಲಿ ಒಂದು ಕಡೆ ಬೆರಳಿನಿಂದ ಗಟ್ಟಿಯಾಗಿ ಒತ್ತಿದರು.

"ಕಡಿಮೆ ಆಯ್ತು!" ಎಂದು ಇವರು ಕೂಗಿದರು. "ವಾಲ್ವು ತಿರುಗಿಸಿದ ಹಾಗೆ ಆಯ್ತು! ಅಲ್ಲೇ ಇದೆ ಮೇಡಂ, ಆ ಲೈನೇ!"

ಅವತ್ತೇ ರಕ್ತನಾಳದ ಎಂ.ಆರ್.ಐ. ಮಾಡಿದರು. ಡಾಕ್ಟರಮ್ಮ ಹಳೆಯ ಚಿತ್ರಗಳನ್ನೂ ತೆರೆದು ಪಕ್ಕದಲ್ಲಿಟ್ಟುಕೊಂಡರು. ಹಳೆಯದರ ಅಂಚಿನಲ್ಲಿ, ಯಾರೂ ನೋಡದ ಮೂಲೆಯಲ್ಲಿ, ರಕ್ತ ರಭಸದಿಂದ ಓಡುವ ಕಡೆ ಮೂಡುವಂಥ ನಾಲ್ಕೈದು ಕಪ್ಪು ಚುಕ್ಕೆಗಳಿದ್ದವು. ಅವತ್ತು ಇವನ್ನ ನಾನೂ ನೋಡ್ಬೇಕಿತ್ತು ಎಂದು ತಮ್ಮನ್ನೇ ಬೈದುಕೊಂಡರು. ತಪ್ಪನ್ನು ಹಾಗೆ ಒಪ್ಪಿಕೊಂಡ ಮೇಲೆ ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆದರೆ ಖಚಿತವಾಗಬೇಕಾದರೆ ಇನ್ನೊಂದು ಪರೀಕ್ಷೆ ಬೇಕಿತ್ತು. ತೊಡೆಯ ನಾಳದಿಂದ ಸಣ್ಣ ಟ್ಯೂಬು ತೂರಿಸಿ, ಕುತ್ತಿಗೆಯವರೆಗೆ ಒಯ್ದು, ಬಣ್ಣದ ಔಷಧಿ ಬಿಟ್ಟು, ಅದು ಹರಿಯುವುದನ್ನು ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆ. ಅದನ್ನು ದೊಡ್ಡಾಸ್ಪತ್ರೆಯಲ್ಲಿ ಅವರೇ ಮಾಡುತ್ತಿದ್ದರು.

ಆ ಪರೀಕ್ಷೆಗೆ ಇವರನ್ನು ಎಚ್ಚರವಾಗಿಯೇ ಮಲಗಿಸಿದ್ದರು. ನಾನು ಗಾಜಿನ ಈಚೆ ನಿಂತಿದ್ದೆ. ಪರದೆಯ ಮೇಲೆ ಇವರ ತಲೆಬುರುಡೆ ಬೂದುಬಣ್ಣದಲ್ಲಿ ಕಾಣುತ್ತಿತ್ತು. ಔಷಧಿ ಬಿಟ್ಟ ತಕ್ಷಣ ನಾಳಗಳು ಒಂದೊಂದಾಗಿ ಕಪ್ಪಗೆ ಮೂಡಿದವು. ಕಿವಿಯ ಹಿಂದೆ ಬಂದ ಬಣ್ಣ ನಿಧಾನವಾಗಿ ಹರಡಲಿಲ್ಲ. ಒಂದು ಗಂಟಿಗೆ ನುಗ್ಗಿ ಥಟ್ಟನೆ ಇನ್ನೊಂದು ದಪ್ಪ ನಾಳಕ್ಕೆ ಹಾರಿಬಿಟ್ಟಿತು.

ಡಾಕ್ಟರಮ್ಮ ಹೊರಗೆ ಬಂದು ಚಿತ್ರವನ್ನು ಮತ್ತೆ ಮತ್ತೆ ಓಡಿಸಿ ತೋರಿಸಿದರು. "ಇದು ರಕ್ತ ತರೋ ನಾಳ. ಇದು ರಕ್ತ ವಾಪಸ್ ಒಯ್ಯೋ ನಾಳ. ಇವೆರಡು ಹೀಗೆ ನೇರ ಸೇರಬಾರದು. ಮೆದುಳಿನ ಹೊದಿಕೆಯಲ್ಲಿ ಅಡ್ಡದಾರಿ ಮಾಡ್ಕೊಂಡು ಸೇರಿವೆ. ಇಲ್ನೋಡಿ, ರಕ್ತ ಹಿಂದಕ್ಕೆ, ಮೆದುಳಿನ ನಾಳಕ್ಕೇ ನುಗ್ತಿದೆ. ಅದಕ್ಕೆ ಇಷ್ಟು ಒತ್ತಡ ತಡ್ಕೊಳ್ಳೋ ಶಕ್ತಿ ಇಲ್ಲ. ಒಡೆದ್ರೆ ತಲೆಯೊಳಗೆ ರಕ್ತಸ್ರಾವ. ಯಾವಾಗ ಅಂತ ಹೇಳಕ್ಕಾಗಲ್ಲ."

ಖಾಲಿ ಡಬ್ಬ ಎಂದು ನಕ್ಕ ಬಾಯಿ ಒಣಗಿತು. ಸ್ಟೂಲೊಂದು ಸಿಕ್ಕಿತು, ಕೂತೆ.

ಇವರಿಗೂ ವಿಷಯ ಹೇಳಿದರು. ಇವರ ಮುಖ ನೋಡಬೇಕಿತ್ತು. ಒಂಬತ್ತು ತಿಂಗಳಲ್ಲಿ ಆ ಮುಖದಲ್ಲಿ ಅಂಥ ಬೆಳಕು ಕಂಡಿರಲಿಲ್ಲ.

"ಸಿಕ್ತಲ್ಲ! ನಾನು ಹೇಳ್ಲಿಲ್ವಾ? ಗಟ್ಟಿ ಕಾಂಕ್ರೀಟಿನ ಕೆಳಗೆ ಅಂತ! ಒಂದು ಮೊಳ ತಪ್ಪಿಲ್ಲ!"

ಮಾರನೆಯ ದಿನ ವಾರ್ಡಿನಲ್ಲಿ ಡಾಕ್ಟರಮ್ಮ ಒಪ್ಪಿಗೆ ಪತ್ರ ತಂದರು. ಅದೇ ರೀತಿ ಟ್ಯೂಬು ಒಯ್ದು ಅಂಟಿನಂಥ ಔಷಧಿ ಬಿಟ್ಟು ಅಡ್ಡದಾರಿ ಮುಚ್ಚಬೇಕು, ಪ್ರಜ್ಞೆ ತಪ್ಪಿಸಿ ಮಾಡಬೇಕು ಎಂದರು. ಅಪಾಯವೂ ಸ್ವಲ್ಪ ಇದೆ, ಆದರೆ ಬಿಟ್ಟರೆ ಅದಕ್ಕಿಂತ ದೊಡ್ಡ ಅಪಾಯ ಎಂದೂ ಹೇಳಿದರು. ಇವರು ಪತ್ರವನ್ನು ಎರಡು ಸಲ ಓದಿ ಮಡಚಿ ದಿಂಬಿನ ಕೆಳಗಿಟ್ಟರು.

"ಬೇಡ ಮೇಡಂ. ಎಲ್ಲಿದೆ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ಹುಡುಕೋದು ನನ್ನ ಕೆಲಸ, ಮುಚ್ಚೋದು ಬೇರೆಯೋರದ್ದು. ನಾನು ಯಾವತ್ತೂ ಮುಚ್ಚೋದನ್ನ ನಿಂತು ನೋಡಿದೋನಲ್ಲ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಇವರ ಒಂದು ಕೈ ಬಲಗಿವಿಯನ್ನು ಬಿಟ್ಟಿರಲಿಲ್ಲ. ಪ್ರಜ್ಞೆ ತಪ್ಪಿಸಿದರೆ ಏನೂ ಕೇಳಿಸುವುದಿಲ್ಲವಲ್ಲ, ಇವರಿಗೆ ಅದರದೇ ಭಯ. ಹುಟ್ಟಿದಾಗಿನಿಂದ ಕಿವಿಯನ್ನೇ ನಂಬಿ ನಡೆದ ಮನುಷ್ಯ. ಡಾಕ್ಟರಮ್ಮ ನನಗೆ ಕಣ್ಸನ್ನೆ ಮಾಡಿ ಆಚೆ ಹೋದರು.

"ರೀ," ಎಂದೆ. "ನೀವು ಗುರುತು ಹಾಕಿ ಮುಂದಿನ ರಸ್ತೆಗೆ ಹೋಗ್ಬಿಡ್ತೀರಿ. ನಾನು? ಒಡೆದು ನೀರು ಚಿಮ್ಮೋ ಮನೆ ಎದುರು ಇರೋಳು ನಾನು. ನಾನೆಲ್ಲಿಗೆ ಹೋಗ್ಲಿ?"

ಇವರು ದಿಂಬನ್ನು ಇನ್ನಷ್ಟು ಒತ್ತಿಕೊಂಡು ಕೂತರು.

"ಮೊದಲನೇ ವಾರಾನೇ ಕೇಳು ಅಂದ್ರಿ. ನಾನು ಕೇಳ್ಲಿಲ್ಲ. ಕೇಳಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಿಮಗೇನಾದ್ರೂ ಆದ್ರೆ ಆ ಮಾತು ನನ್ನ ತಲೆಯೊಳಗೆ ಸಾಯೋವರೆಗೂ ಕೂಗುತ್ತೆ. ಅದಕ್ಕೆ ಯಾವ ಸ್ಕ್ಯಾನಿಂಗೂ ಇಲ್ಲ. ಸೈನ್ ಹಾಕಿ."

ಇವರು ದಿಂಬಿನ ಕೆಳಗೆ ಕೈ ಹಾಕಿ ಪತ್ರ ತೆಗೆದರು. ಪೆನ್ನು ನಾನೇ ಹಿಡಿಸಿದೆ.

ಐದು ಗಂಟೆ ಹಿಡಿಯಿತು. ಹೊರಗೆ ಕೂತು ಕೈ ಸುಮ್ಮನಿರದೆ ನನ್ನ ಸೆರಗಿನ ಅಂಚಿನ ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿದ್ದೆ. ಡಾಕ್ಟರಮ್ಮ ಬಂದು, ಮುಚ್ಚಿದೆ, ಪೂರ್ತಿ ಮುಚ್ಚಿದೆ, ಕೊನೆಯ ಚಿತ್ರದಲ್ಲಿ ಬಣ್ಣದ ಒಂದು ಹನಿಯೂ ಆಚೆ ಹಾರಲಿಲ್ಲ ಎಂದರು. ಸಂಜೆಗೆ ಒಳಗೆ ಬಿಟ್ಟರು. ಕಾಲು ಅಲ್ಲಾಡಿಸಬಾರದೆಂದು ಇವರನ್ನು ಅಂಗಾತ ಮಲಗಿಸಿದ್ದರು. ಕಣ್ಣು ಬಿಟ್ಟು ಛಾವಣಿ ನೋಡುತ್ತಿದ್ದರು. ಮುಖ ಸುಣ್ಣದಂತಾಗಿತ್ತು, ಒಂದು ಕೈ ಎದೆಯ ಮೇಲಿತ್ತು.

"ಇವಳೇ," ಎಂದರು ಪಿಸುದನಿಯಲ್ಲಿ. "ನಿಂತು ಹೋಗಿದೆ."

"ಸದ್ದು ತಾನೇ? ನಿಲ್ಲಲಿ ಅಂತಲೇ ಅಲ್ವಾ ಇಷ್ಟೆಲ್ಲ ಮಾಡಿದ್ದು?"

"ಸದ್ದಲ್ಲ ಕಣೇ. ಪಂಪು. ನನ್ನ ಎದೆ. ಒಂದು ಬಡಿತಾನೂ ಕೇಳಿಸ್ತಿಲ್ಲ. ಸತ್ತಿದ್ದೀನಾ?"

"ಸತ್ತೋರಿಗೆ ಹೆಂಡ್ತಿ ಬೈಯೋದು ಕೇಳಿಸುತ್ತೇನ್ರೀ?"

ಇವರು ಅದನ್ನು ಗಂಭೀರವಾಗಿ ಯೋಚಿಸಿದರು. "ನೀನಿನ್ನೂ ಬೈದಿಲ್ವಲ್ಲ," ಎಂದರು. "ಬೈಯಿ, ನೋಡೋಣ."

ಬಾಯಿ ತೆರೆದೆ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಒಂದು ಬೈಗುಳವೂ ಹೊರಡಲಿಲ್ಲ. ಮಂಚದ ಕಂಬಿಯ ಮೇಲಿಂದ ಬಗ್ಗಿ ಇವರ ತಲೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಇವರ ಬಲಗಿವಿ ನನ್ನ ಎದೆಗೆ ಒತ್ತಿಕೊಂಡಿತ್ತು. ಇವರು ಕೋಲು ಹಿಡಿದು ನಿಂತಾಗ ನಿಲ್ಲುವಂತೆಯೇ ಉಸಿರು ಬಿಗಿಹಿಡಿದು ಕೇಳಿದರು.

"ನಿನ್ನದು ಕೇಳಿಸ್ತಿದೆ. ನನ್ನದು ಕೇಳಿಸ್ತಿಲ್ಲ."

"ಎಲ್ಲರಿಗೂ ಹಾಗೇ ರೀ," ಎಂದೆ ಮೂಗು ಒರೆಸಿಕೊಳ್ಳುತ್ತ. "ಇನ್ಮೇಲೆ ಬಾಯಿ ಮುಚ್ಕೊಂಡು ನನ್ನದನ್ನೇ ಕೇಳ್ಕೊಂಡು ಬಿದ್ದಿರಿ."

ಅದು ಬೈಗುಳವೇ ಎಂದು ಖಾತ್ರಿಯಾದ ಮೇಲೆ ಇವರು ಎದೆಯ ಮೇಲಿದ್ದ ಕೈ ತೆಗೆದರು.